ಘಟ್ಟದಂಚಿನ ರಿಲೇ ಕೇಂದ್ರದಲ್ಲಿ ಇಂಧನ ಕೋಶದ ಹಾನಿ: ವಾಲ್ವ್ ಮತ್ತು ಗಾಳಿಯ ಒತ್ತಡ ಕುರಿತ ಪ್ರಕರಣ ಅಧ್ಯಯನ

ಹೊಸನಗರ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಗುಡ್ಡವೊಂದರ ಮೇಲಿರುವ ಸಂಪರ್ಕ ರಿಲೇ ಕೇಂದ್ರಕ್ಕೆ ಡೀಸೆಲ್ ಜನರೇಟರ್ ತೆಗೆದು ಜಲಜನಕವನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ವಿದ್ಯುತ್ ಹುಟ್ಟಿಸುವ ಇಂಧನ ಕೋಶವನ್ನು ಕೂರಿಸಲಾಗಿತ್ತು. ಕರೆಂಟು ಹೋದಾಗ ಮಾತ್ರ ಓಡುವ ವ್ಯವಸ್ಥೆ ಅದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಪೂರ್ಣ ಹೊರೆಯನ್ನು ಹೊರಲಾರದ ಸ್ಥಿತಿಗೆ ಬಂದಿತ್ತು. ಓಡಿದ ಗಂಟೆಗಳ ಲೆಕ್ಕ ನೋಡಿದರೆ ಸ್ಟ್ಯಾಕ್, ಅಂದರೆ ಸಾಲಾಗಿ ಜೋಡಿಸಿದ ಕೋಶಗಳ ಕಟ್ಟು, ಇನ್ನೂ ಹೊಸದು. ಜಲಜನಕದ ಶುದ್ಧತೆಯಲ್ಲಾಗಲಿ, ತಣಿಸುವ ದ್ರವದಲ್ಲಾಗಲಿ ದೋಷವಿರಲಿಲ್ಲ. ದುರಸ್ತಿಯೆಂದು ಮಾಡಿದ ಮೊದಲ ಕೆಲಸದಿಂದ ಒಂದು ಬಗೆಯ ಹಾನಿ ನಿಂತು ಇನ್ನೊಂದು ಬಗೆಯ ಹಾನಿ ಶುರುವಾಯಿತು. ಈ ಎರಡೂ ಹಾನಿಗಳ ಮೂಲ ಗಾಳಿಯ ಮಾರ್ಗದಲ್ಲಿ, ಅದರಲ್ಲೂ ಯಂತ್ರ ನಿಲ್ಲುವ ಮತ್ತು ಏಳುವ ಕೆಲವೇ ಕ್ಷಣಗಳಲ್ಲಿ ಇತ್ತೆಂಬುದನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ.

1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವಿರುವ ಜಿಲ್ಲೆಯಲ್ಲೇ ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗುತ್ತದೆ ಎನ್ನುವುದು ಹೊರಗಿನವರಿಗೆ ಸೋಜಿಗವಾಗಬಹುದು, ಆದರೆ ಇಲ್ಲಿನ ತಂತಿಗಳು ಕಾಡಿನ ನಡುವೆ ಹಾದು ಬರುತ್ತವೆ. ಆರಿದ್ರೆಯಿಂದ ಆಶ್ಲೇಷದವರೆಗಿನ ಮಳೆಯಲ್ಲಿ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಒರಗುತ್ತದೆ, ಮಾರ್ಗ ಕಡಿಯುತ್ತದೆ, ಸ್ವಲ್ಪ ಹೊತ್ತಿಗೆ ಜೋಡಣೆಯಾಗುತ್ತದೆ, ಮತ್ತೆ ಕಡಿಯುತ್ತದೆ. ಹೀಗಾಗಿ ಈ ಯಂತ್ರದ ಪಾಲಿಗೆ ಬಂದದ್ದು ದೀರ್ಘ ಓಟವಲ್ಲ. ಪದೇ ಪದೇ ಏಳುವುದು, ಪದೇ ಪದೇ ನಿಲ್ಲುವುದು. ಇಂಧನ ಕೋಶ ನೆಮ್ಮದಿಯಾಗಿ ಓಡುವಾಗ ಸವೆಯುವುದು ಬಹಳ ನಿಧಾನ. ಅದರ ಆಯುಸ್ಸು ಕರಗುವುದು ಈ ಎರಡು ಸಂಧಿಕಾಲಗಳಲ್ಲಿ.

ವ್ಯವಸ್ಥೆಯ ರಚನೆ

ಇದು 10 ಕಿಲೋವ್ಯಾಟ್ ವರ್ಗದ, ದ್ರವದಿಂದ ತಣಿಸುವ, ಪಾಲಿಮರ್ ಪೊರೆಯ ಇಂಧನ ಕೋಶ. ಪೊರೆಯ ಒಂದು ಬದಿ ಆನೋಡ್, ಅಲ್ಲಿ ಜಲಜನಕ. ಇನ್ನೊಂದು ಬದಿ ಕ್ಯಾಥೋಡ್, ಅಲ್ಲಿ ಗಾಳಿ. ಪೊರೆಯ ದಪ್ಪ ಕೆಲವೇ ಹತ್ತು ಮೈಕ್ರಾನ್‌ಗಳ ಲೆಕ್ಕದ್ದು, ತಲೆಗೂದಲಿಗಿಂತಲೂ ತೆಳುವಾದದ್ದು. ಅದರ ಎರಡು ಮುಖಗಳಿಗೆ ಇಂಗಾಲದ ಸಣ್ಣ ಕಣಗಳ ಮೇಲೆ ಕೂರಿಸಿದ ಪ್ಲಾಟಿನಂ ಪದರ ಅಂಟಿರುತ್ತದೆ. ಎರಡು ಬದಿಗಳ ಒತ್ತಡದ ಅಂತರ ಮಿತಿ ಮೀರಿದರೆ ಪೊರೆ ಒಂದು ಕಡೆಗೆ ಬಾಗುತ್ತದೆ, ಅಂಚುಗಳಲ್ಲಿ ಬಿರಿಯುತ್ತದೆ. ಈ ಸ್ಟ್ಯಾಕ್‌ಗೆ ತಯಾರಕರು ಹೇಳಿದ ಮಿತಿ 30 ಕಿಲೋಪಾಸ್ಕಲ್.

ಗಾಳಿ ಸೋಸುಕದ ಮೂಲಕ ಒಳಬಂದು, ಅಪಕೇಂದ್ರ ಕಂಪ್ರೆಸರಿನಲ್ಲಿ ಒತ್ತಡ ಪಡೆದು, ಕೂಲರ್ ಮತ್ತು ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ದಾಟಿ, ಒಳ ವಾಲ್ವ್ ಮೂಲಕ ಕ್ಯಾಥೋಡ್ ಸೇರುತ್ತದೆ. ಹೊರಹೋಗುವ ದಾರಿಯಲ್ಲಿ ಚಿಟ್ಟೆ ತಟ್ಟೆಯ ಮಾದರಿಯ ಹೊರ ವಾಲ್ವ್ ಇದೆ. ಓಡುವಾಗ ಅದನ್ನು ಎಷ್ಟು ತೆರೆದಿರುತ್ತೇವೆ ಎಂಬುದರ ಮೇಲೆ ಕ್ಯಾಥೋಡಿನ ಒತ್ತಡ ನಿಲ್ಲುತ್ತದೆ. ಕಂಪ್ರೆಸರಿನಿಂದ ನೇರವಾಗಿ ಹೊಗೆಕೊಳವೆಗೆ ಹೋಗುವ ಬೈಪಾಸ್ ವಾಲ್ವ್ ಮೂರನೆಯದು. ಬೈಪಾಸಿಗೆ ಎರಡು ಕೆಲಸ. ಕಂಪ್ರೆಸರಿನ ಗಾಳಿಗೆ ಯಾವಾಗಲೂ ಒಂದು ದಾರಿ ಇರುವಂತೆ ನೋಡಿಕೊಳ್ಳುವುದು ಒಂದು. ಆನೋಡಿನಿಂದ ಪರ್ಜ್ ವಾಲ್ವ್ ಮೂಲಕ ಆಗಾಗ ಹೊರಬಿಡುವ ಜಲಜನಕವನ್ನು ಹೊಗೆಕೊಳವೆಯಲ್ಲೇ ತೆಳುಗೊಳಿಸುವುದು ಇನ್ನೊಂದು. ಗಾಳಿಯಲ್ಲಿ ಜಲಜನಕ ಶೇಕಡಾ 4ಕ್ಕೆ ಏರಿದರೆ ಬೆಂಕಿ ಹತ್ತಬಲ್ಲದು. ನಾವು ಶೇಕಡಾ 1ರ ಒಳಗೇ ಇಡುತ್ತೇವೆ.

ಮೊದಲ ಹಾನಿ: ಇಂಗಾಲ ತಿಂದುಹೋದದ್ದು

ಮೊದಲು ಕಂಡ ಲಕ್ಷಣ ಸ್ಪಷ್ಟವಾಗಿತ್ತು. ಹೊರೆಯಿಲ್ಲದಾಗ ಪ್ರತಿ ಕೋಶದ ವೋಲ್ಟೇಜ್ ಸರಿಯಾಗಿಯೇ ಇತ್ತು, ಹೊರೆ ಏರಿಸಿದಂತೆ ಮಾತ್ರ ಕುಸಿಯುತ್ತಿತ್ತು. ಹೊರೆಯಿಲ್ಲದಾಗ ವೋಲ್ಟೇಜ್ ನಿಲ್ಲುತ್ತದೆಂದರೆ ಪೊರೆ ತೂತಾಗಿಲ್ಲ. ಹೊರೆಯಲ್ಲಿ ಕುಸಿಯುತ್ತದೆಂದರೆ ಕ್ಯಾಥೋಡಿನ ಪದರಕ್ಕೆ ಆಮ್ಲಜನಕ ತಲುಪುತ್ತಿಲ್ಲ, ನೀರು ಹೊರಹೋಗುತ್ತಿಲ್ಲ. ಪದರದ ರಂಧ್ರಗಳನ್ನು ಹಿಡಿದು ನಿಲ್ಲಿಸಿದ್ದ ಇಂಗಾಲದ ಹಂದರವೇ ಕುಸಿದಿದೆ ಎಂದು ಅರ್ಥ.

ಇಂಗಾಲ ಕ್ಯಾಥೋಡಿನಲ್ಲಿ ಸುಮ್ಮನೆ ಕರಗುವುದಿಲ್ಲ. ನೀರಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಆಗಿಬಿಡುವ ಪ್ರವೃತ್ತಿ ಅದಕ್ಕೆ 0.2 ವೋಲ್ಟ್ ಮೇಲೆಯೇ ಇದ್ದರೂ, ಓಡುವ ಕೋಶದ ವೋಲ್ಟೇಜಿನಲ್ಲಿ ಆ ಕ್ರಿಯೆಯ ವೇಗ ಲೆಕ್ಕಕ್ಕಿಲ್ಲದಷ್ಟು ಕಡಿಮೆ. 1.2 ವೋಲ್ಟ್ ದಾಟಿದರೆ ಮಾತು ಬೇರೆ. ಕೋಶ ತಾನಾಗಿ ಕೊಡುವುದು 1 ವೋಲ್ಟಿಗಿಂತ ಕಡಿಮೆಯಿರುವಾಗ ಕ್ಯಾಥೋಡ್ ಅಷ್ಟು ಎತ್ತರಕ್ಕೆ ಏರುವುದು ಹೇಗೆ ಎಂಬ ಪ್ರಶ್ನೆಗೆ 2005ರಲ್ಲಿ ಪ್ರಕಟವಾದ ಸಂಶೋಧನೆ ಉತ್ತರ ಕೊಟ್ಟಿತು. ಬಹಳ ಹೊತ್ತು ನಿಂತ ಕೋಶದ ಆನೋಡಿನಲ್ಲೂ ಗಾಳಿ ತುಂಬಿಕೊಂಡಿರುತ್ತದೆ. ಅದಕ್ಕೆ ಜಲಜನಕ ಬಿಟ್ಟಾಗ ಅನಿಲ ಹರಿಯುವ ಕಾಲುವೆಯ ಮೊದಲ ಭಾಗದಲ್ಲಿ ಜಲಜನಕ, ಕೊನೆಯ ಭಾಗದಲ್ಲಿ ಇನ್ನೂ ಗಾಳಿ ಇರುವ ಒಂದು ಘಟ್ಟ ಬರುತ್ತದೆ. ಮೊದಲ ಭಾಗ ಸರಿಯಾದ ಕೋಶದಂತೆ ವರ್ತಿಸಿ ವೋಲ್ಟೇಜ್ ಹುಟ್ಟಿಸುತ್ತದೆ. ಎರಡು ಭಾಗಗಳಿಗೂ ಲೋಹದ ತಟ್ಟೆ ಒಂದೇ ಆದ್ದರಿಂದ ಆ ವೋಲ್ಟೇಜ್ ಗಾಳಿಯಿರುವ ಭಾಗದ ಮೇಲೂ ಬೀಳುತ್ತದೆ. ಅಲ್ಲಿ ಪ್ರವಾಹ ಹಿಮ್ಮುಖವಾಗಿ ಹರಿದು, ಎದುರಿನ ಕ್ಯಾಥೋಡ್ 1.4 ವೋಲ್ಟ್ ಆಸುಪಾಸಿಗೆ ಏರಿ, ಇಂಗಾಲ ಆಹುತಿಯಾಗುತ್ತದೆ. ಪ್ರತಿ ಆರಂಭದಲ್ಲೂ ಒಂದಿಷ್ಟು.

ಹಾಗಾದರೆ ವಾಲ್ವ್‌ಗಳನ್ನು ಮುಚ್ಚಿ ನಿಲ್ಲಿಸಿದ ಸ್ಟ್ಯಾಕ್ ಒಳಗೆ ಗಾಳಿ ಎಲ್ಲಿಂದ ಬಂತು? ಹೊರ ವಾಲ್ವ್ ಬಿಚ್ಚಿ ನೋಡಿದಾಗ ತಟ್ಟೆಯ ಅಂಚಿನ ರಬ್ಬರ್ ಬಳೆಯಲ್ಲಿ ಒಂದು ಕಡೆ ಎದ್ದ ಗೆರೆ ಕಾಣಿಸಿತು. ಈ ವಾಲ್ವ್ ಒಳಗಿನ ಒತ್ತಡವನ್ನು ತಡೆದು ನಿಲ್ಲಿಸಲು ಮಾಡಿದ್ದೇ ಹೊರತು ಹೊರಗಿನ ಗಾಳಿ ಒಳಗೆ ನುಗ್ಗದಂತೆ ತಡೆಯಲು ಮಾಡಿದ್ದಲ್ಲ. ನಿಂತ ಸ್ಟ್ಯಾಕ್ ತಣಿದಾಗ ಒಳಗೆ ನಿರ್ವಾತ ಉಂಟಾಗಿ, ಮಳೆಗಾಲದ ತೇವದ ಗಾಳಿ ಆ ಗೆರೆಯ ಮೂಲಕ ನಿಧಾನವಾಗಿ ಒಳಸೇರುತ್ತಿತ್ತು. ಬಂದ ಆಮ್ಲಜನಕ ಮೊದಲು ಆನೋಡಿನಲ್ಲಿ ಉಳಿದಿದ್ದ ಜಲಜನಕವನ್ನು ತಿಂದು ಮುಗಿಸುತ್ತಿತ್ತು, ಆಮೇಲೆ ಪೊರೆಯ ಮೂಲಕ ತಾನೇ ಆನೋಡ್ ಸೇರುತ್ತಿತ್ತು. ಬೆಳಗಿನ ಹೊತ್ತಿಗೆ ಎರಡೂ ಬದಿ ಗಾಳಿ.

ಇದನ್ನು ಕಂಡುಕೊಂಡ ನಿರ್ವಹಣಾ ತಂಡ ಎರಡು ದಿಕ್ಕಿನಲ್ಲೂ ಬಿಗಿಯಾಗಿ ಮುಚ್ಚುವ ವಾಲ್ವ್‌ಗಳನ್ನು ತರಿಸಿ ಒಳಗೂ ಹೊರಗೂ ಹಾಕಿತು. ಕಾಗದದ ಮೇಲೆ ಸರಿಯಾದ ಪರಿಹಾರವೇ.

ಬಿಗಿ ವಾಲ್ವ್ ತಂದ ಎರಡನೆಯ ಹಾನಿ

ಹೊರೆಯಲ್ಲಿ ವೋಲ್ಟೇಜ್ ಕುಸಿಯುವ ವೇಗ ನಿಂತಿತು. ಆದರೆ ಆ ಮಳೆಗಾಲದ ಮಧ್ಯದಲ್ಲೇ ಸ್ಟ್ಯಾಕಿನ ಕೆಲವು ಕೋಶಗಳಲ್ಲಿ ಹೊರೆಯಿಲ್ಲದಾಗಿನ ವೋಲ್ಟೇಜ್ ಇಳಿಯತೊಡಗಿತು. ಇದು ಮೊದಲಿನ ಲಕ್ಷಣಕ್ಕೆ ಪೂರಾ ವಿರುದ್ಧ. ಪರ್ಜ್ ವಾಲ್ವ್ ಮುಚ್ಚಿದ್ದಾಗಲೂ ಹೊಗೆಕೊಳವೆಯ ಸೆನ್ಸರ್ ಜಲಜನಕದ ಸುಳಿವು ತೋರಿಸಿತು. ಅಂದರೆ ಪೊರೆ ಸೋರುತ್ತಿದೆ.

ಈ ಹಂತದಲ್ಲಿ ನಮಗೆ ದಾರಿ ತೋರಿಸಿದ್ದು ಕೇಂದ್ರವನ್ನು ನೋಡಿಕೊಳ್ಳುವ ಪಕ್ಕದ ಊರಿನವರ ಮಾತು. "ಸಾರ್, ಮೊದಲು ಗಂಟೆ ಎರಡು ಗಂಟೆ ನಿಂತು ಮತ್ತೆ ಶುರುವಾದ್ರೆ ಮಾತ್ರ ಪೈಪಿನೊಳಗೆ ಟಪ್ ಅಂತ ಸದ್ದು ಬರ್ತಿತ್ತು. ರಾತ್ರಿ ಪೂರಾ ನಿಂತಿದ್ರೆ ಬೆಳಗ್ಗೆ ಏನೂ ಇರ್ತಿರ್ಲಿಲ್ಲ. ಈಗ ಹೊಸ ವಾಲ್ವ್ ಹಾಕಿದ್ಮೇಲೆ ಬೆಳಗ್ಗೆನೂ ಬರ್ತದೆ" ಎಂದು ಅವರು ಹೇಳಿದರು. ಯಾವ ದತ್ತಾಂಶ ದಾಖಲೆಯಲ್ಲೂ ಈ ಸದ್ದು ಇರಲಿಲ್ಲ. ಕಂಟ್ರೋಲರ್ ಒತ್ತಡವನ್ನು ಬರೆದಿಡುತ್ತಿದ್ದುದು ಯಂತ್ರ ಎದ್ದ ಮೇಲೆ. ಯಂತ್ರದ ಪಕ್ಕದಲ್ಲೇ ಬದುಕುವವರನ್ನು ಮೊದಲ ದಿನವೇ ಕೇಳಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಆ ಸದ್ದಿನ ಅರ್ಥವನ್ನು ಲೆಕ್ಕದಿಂದ ಬಿಡಿಸಬಹುದು. ಈ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 93 ಕಿಲೋಪಾಸ್ಕಲ್. ಸ್ಟ್ಯಾಕ್ 65 ಡಿಗ್ರಿಯಲ್ಲಿರುವಾಗ ಎರಡೂ ವಾಲ್ವ್ ಮುಚ್ಚಿದೆವು ಎನ್ನೋಣ. ಒಳಗಿನ 93ರಲ್ಲಿ 25 ಕಿಲೋಪಾಸ್ಕಲ್ ನೀರಾವಿಯದು, ಉಳಿದ 68 ಒಣಗಾಳಿಯದು. ಆ ಒಣಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು 14. ಪೊರೆ ದಾಟಿ ಬರುವ ಜಲಜನಕದೊಡನೆ ಸೇರಿ ಅದು ನೀರಾಗುತ್ತದೆ. ಉಳಿಯುವುದು ಸಾರಜನಕ, ಸುಮಾರು 54. ಸ್ಟ್ಯಾಕ್ 20 ಡಿಗ್ರಿಗೆ ತಣಿದಾಗ ಅದು 47ರ ಹತ್ತಿರಕ್ಕೆ ಇಳಿಯುತ್ತದೆ. ನೀರಾವಿ ಹನಿಗಟ್ಟಿ 2ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ. ಒಟ್ಟು 49 ಕಿಲೋಪಾಸ್ಕಲ್: ಹೊರಗಿನ ಒತ್ತಡದ ಹೆಚ್ಚುಕಡಿಮೆ ಅರ್ಧ. ಬಿಸಿ ಅಡುಗೆಯ ಡಬ್ಬಿಯನ್ನು ಗಟ್ಟಿಯಾಗಿ ಮುಚ್ಚಿಟ್ಟರೆ ತಣಿದ ಮೇಲೆ ಮುಚ್ಚಳ ಕಿತ್ತರೂ ಬಾರದಂತೆ ಕಚ್ಚಿಕೊಳ್ಳುವುದು ಇದೇ ಕಾರಣಕ್ಕೆ.

ನಿಂತಿರುವಷ್ಟು ಹೊತ್ತು ಪೊರೆಗೆ ದೊಡ್ಡ ಅಪಾಯವಿಲ್ಲ, ಏಕೆಂದರೆ ಆನೋಡಿನ ಜಲಜನಕವೂ ಖರ್ಚಾಗಿ ಎರಡೂ ಬದಿಯ ಒತ್ತಡ ಕೂಡಿಯೇ ಇಳಿದಿರುತ್ತದೆ. ಅಪಾಯವಿರುವುದು ಏಳುವ ಕ್ಷಣದಲ್ಲಿ. ಕಂಟ್ರೋಲರ್ ಮೊದಲು ಜಲಜನಕದ ವಾಲ್ವ್ ತೆರೆಯುತ್ತದೆ, ಆನೋಡ್ ಕ್ಷಣಾರ್ಧದಲ್ಲಿ 110 ಕಿಲೋಪಾಸ್ಕಲ್ ಮುಟ್ಟುತ್ತದೆ, ಕ್ಯಾಥೋಡ್ ಇನ್ನೂ 49ರಲ್ಲೇ ಇರುತ್ತದೆ. ಅಂತರ 60ಕ್ಕೂ ಹೆಚ್ಚು, ಮಿತಿಯ ಎರಡರಷ್ಟು. ಇಷ್ಟರಲ್ಲಿ ಕಂಪ್ರೆಸರ್ ತಿರುಗತೊಡಗಿರುತ್ತದೆ. ಒಳ ವಾಲ್ವಿನ ತಟ್ಟೆಯನ್ನು ಒಂದು ಬದಿಯಿಂದ ಕಂಪ್ರೆಸರಿನ ಗಾಳಿ ದೂಡುತ್ತದೆ, ಇನ್ನೊಂದು ಬದಿಯಿಂದ ನಿರ್ವಾತ ಎಳೆಯುತ್ತದೆ, ಅದರ ಸಣ್ಣ ಮೋಟಾರು ತಿಣುಕುತ್ತದೆ. ಕೊನೆಗೆ ತಟ್ಟೆ ಕಿತ್ತು ಬಂದಾಗ ತಡೆದು ನಿಂತಿದ್ದ ಗಾಳಿ ಒಮ್ಮೆಗೇ ನುಗ್ಗುತ್ತದೆ. ಟಪ್ ಎಂದದ್ದು ಅದು. ಪೊರೆ ಮೊದಲು ಒಂದು ಕಡೆಗೆ, ಮರುಕ್ಷಣ ವಾಪಸು ಹೊಡೆತ ತಿನ್ನುತ್ತದೆ; ಅದೇ ಹೊಡೆತ ಹ್ಯುಮಿಡಿಫೈಯರಿನ ನಾಳಗಳಿಗೂ ಬೀಳುತ್ತದೆ.

ಹಳೆಯ ವಾಲ್ವ್ ಸೋರುತ್ತಿದ್ದುದರಿಂದ ರಾತ್ರಿಯಿಡೀ ನಿಂತಾಗ ನಿರ್ವಾತ ತಾನಾಗಿ ತುಂಬಿಹೋಗುತ್ತಿತ್ತು. ಇಂಗಾಲವನ್ನು ಕೊಂದ ಸೋರಿಕೆಯೇ ಪೊರೆಯನ್ನು ಕಾಯುತ್ತಿತ್ತು. ಬಿಗಿ ವಾಲ್ವ್ ಇಂಗಾಲವನ್ನು ಉಳಿಸಿ ಪೊರೆಯನ್ನು ಬಲಿಕೊಟ್ಟಿತು. ವಾಲ್ವಿನ ಗುಣಮಟ್ಟ ಕುರಿತು ಎಷ್ಟು ಚರ್ಚಿಸಿದರೂ ಈ ಗಂಟು ಬಿಡುತ್ತಿರಲಿಲ್ಲ. ಬದಲಾಗಬೇಕಾದದ್ದು ಒಳಗಿನ ಒತ್ತಡವನ್ನು ನಾವು ನಡೆಸುವ ರೀತಿ.

ಎತ್ತರದ ಲೆಕ್ಕ

ಇನ್ನೊಂದು ದೋಷ ಸೆನ್ಸರುಗಳನ್ನು ಪರಿಶೀಲಿಸುವಾಗ ಸಿಕ್ಕಿತು. ಆನೋಡಿನ ಸೆನ್ಸರ್ ನಿರಪೇಕ್ಷ ಒತ್ತಡ, ಅಂದರೆ ಪೂರ್ಣ ನಿರ್ವಾತವನ್ನು ಸೊನ್ನೆಯೆಂದು ಎಣಿಸಿದ ಒತ್ತಡ, ಹೇಳುತ್ತಿತ್ತು. ಕ್ಯಾಥೋಡಿನದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ ಹೇಳುತ್ತಿತ್ತು, ಕಂಟ್ರೋಲರ್ ಅದಕ್ಕೆ ಸಮುದ್ರಮಟ್ಟದ 101 ಕಿಲೋಪಾಸ್ಕಲನ್ನು ಕೂಡಿಸಿಕೊಳ್ಳುತ್ತಿತ್ತು. ಕರಾವಳಿಯಲ್ಲಾದರೆ ಸರಿ. ಘಟ್ಟದ ಮೇಲೆ ಈ ಲೆಕ್ಕ ಕ್ಯಾಥೋಡಿನ ಒತ್ತಡವನ್ನು ಸುಮಾರು 8 ಕಿಲೋಪಾಸ್ಕಲ್ ಹೆಚ್ಚು ತೋರಿಸುತ್ತದೆ. ಆನೋಡ್ 15 ಹೆಚ್ಚಿರಲಿ ಎಂದು ಆದೇಶಿಸಿದರೆ ನಿಜದಲ್ಲಿ 23 ಹೆಚ್ಚಿರುತ್ತಿತ್ತು. ಶಾಂತವಾಗಿ ಓಡುವಾಗ ಅದು ಮಿತಿಯ ಒಳಗೇ ಇದೆ, ಆದರೆ ಹೊರೆ ಏರಿಳಿಯುವಾಗ ಬರುವ ಸಹಜ ತುಯ್ತಕ್ಕೆ ಉಳಿಯುವ ಅವಕಾಶ ಅರ್ಧಕ್ಕೂ ಕಡಿಮೆ.

ಇದನ್ನು ತಿದ್ದುವುದು ಸುಲಭವೆನಿಸಿದರೂ ಅಲ್ಲೊಂದು ತೊಡಕಿತ್ತು. ಪೂರ್ಣ ಹೊರೆಯಲ್ಲಿ ಕ್ಯಾಥೋಡಿಗೆ 150 ಕಿಲೋಪಾಸ್ಕಲ್ ಬೇಕೆಂಬುದು ಮೂಲ ವಿನ್ಯಾಸ; ಸೆನ್ಸರಿನ ತಪ್ಪಿನಿಂದ ನಿಜದಲ್ಲಿ ಸಿಗುತ್ತಿದ್ದುದು 142. ಸೆನ್ಸರ್ ಸರಿಪಡಿಸಿ 150 ಎಂದೇ ಹಟ ಹಿಡಿದರೆ ಕಂಪ್ರೆಸರ್ ಹೊರಗಿನ ಗಾಳಿಯನ್ನು 1.6 ಪಟ್ಟಿಗೆ ಏರಿಸಬೇಕಾಗುತ್ತಿತ್ತು. ಸಮುದ್ರಮಟ್ಟದಲ್ಲಿ ಇದೇ ಕೆಲಸಕ್ಕೆ ಸುಮಾರು 1.5 ಪಟ್ಟು ಸಾಕು. ಅಪಕೇಂದ್ರ ಕಂಪ್ರೆಸರಿನಲ್ಲಿ ಒತ್ತಡದ ಅನುಪಾತ ಏರಿದಷ್ಟೂ ಅದು ಸರ್ಜ್ ಗೆರೆಗೆ ಹತ್ತಿರವಾಗುತ್ತದೆ; ಆ ಗೆರೆ ದಾಟಿದರೆ ಗಾಳಿ ಹಿಂದಕ್ಕೂ ಮುಂದಕ್ಕೂ ಬಡಿದು ಬೇರಿಂಗ್ ಹಾಳಾಗುತ್ತದೆ. ಆದ್ದರಿಂದ ಕ್ಯಾಥೋಡನ್ನು 142ರಲ್ಲೇ ಬಿಟ್ಟು, ಆನೋಡಿನ ಒತ್ತಡವನ್ನು ಅದಕ್ಕೆ ತಕ್ಕಂತೆ ಇಳಿಸಿದೆವು. ಸ್ವಲ್ಪ ಶಕ್ತಿ ಕಡಿಮೆ ಸಿಗುತ್ತದೆ; ಪೂರ್ಣ ಹೊರೆ ಅಪರೂಪವಾಗಿರುವ ಈ ಕೇಂದ್ರಕ್ಕೆ ಅದು ನಷ್ಟವಲ್ಲ. ಹೊರಗಿನ ಒತ್ತಡವನ್ನು ಅಳೆಯುವ ಪ್ರತ್ಯೇಕ ಸೆನ್ಸರ್ ಹಾಕಿ 101 ಎಂಬ ಸ್ಥಿರಾಂಕವನ್ನು ತೆಗೆದುಹಾಕಲಾಯಿತು.

ಬದಲಾಯಿಸಿದ ಕ್ರಮ

ನಿಲ್ಲಿಸುವ ಹಳೆಯ ಕ್ರಮದಲ್ಲಿ ಕಂಪ್ರೆಸರ್ ಇನ್ನೂ ತಿರುಗುತ್ತಿರುವಾಗಲೇ ಎರಡೂ ವಾಲ್ವ್ ಮುಚ್ಚಿಕೊಳ್ಳುತ್ತಿದ್ದವು, ಬೈಪಾಸ್ ಆಮೇಲೆ ತೆರೆಯುತ್ತಿತ್ತು. ಈಗ ಬೈಪಾಸ್ ತೆರೆಯುವುದೇ ಮೊದಲು. ಆಮೇಲೆ ಹೊರ ವಾಲ್ವ್ ನಿಧಾನವಾಗಿ ಅಗಲವಾಗಿ ಕ್ಯಾಥೋಡಿನ ಒತ್ತಡ ಇಳಿಯುತ್ತದೆ, ಆನೋಡ್ ಅದನ್ನು ಹಿಂಬಾಲಿಸಿ ಇಳಿಯುತ್ತದೆ, ಎಲ್ಲಿಯೂ ಅಂತರ 20 ದಾಟದಂತೆ ಕಂಟ್ರೋಲರ್ ಕಾಯುತ್ತದೆ. ಕಂಪ್ರೆಸರ್ ಕನಿಷ್ಠ ವೇಗಕ್ಕೆ ಬಂದ ಮೇಲಷ್ಟೇ ವಾಲ್ವ್‌ಗಳು ಮುಚ್ಚುತ್ತವೆ.

ನಡುವೆ ಬರುವ ಒಣಗಿಸುವ ಹಂತವನ್ನೂ ಮೊಟಕು ಮಾಡಿದೆವು. ಮೂಲ ಪ್ರೋಗ್ರಾಮಿನಲ್ಲಿ ನಿಲ್ಲುವ ಮೊದಲು ಬಹಳ ಹೊತ್ತು ಒಣಗಾಳಿ ಹಾಯಿಸುವ ಪಾಠವಿತ್ತು. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಪದರಗಳನ್ನು ಸೀಳುವ ಶೀತದೇಶಗಳಿಗೆ ಅದು ಅನಿವಾರ್ಯ. ಮಲೆನಾಡಿನ ಮಾಗಿಯ ಚಳಿ ನೀರನ್ನು ಹೆಪ್ಪುಗಟ್ಟಿಸುವ ಮಟ್ಟಕ್ಕೆ ಇಳಿಯುವುದಿಲ್ಲ. ಇಲ್ಲಿ ಆ ಹಂತದಿಂದ ಆಗುತ್ತಿದ್ದುದು ಕ್ಯಾಥೋಡಿಗೆ ತಾಜಾ ಆಮ್ಲಜನಕ ತುಂಬುವುದು ಮತ್ತು ಪೊರೆ ಅನಗತ್ಯವಾಗಿ ಒಣಗುವುದು. ಕಾಲುವೆಗಳಲ್ಲಿ ನಿಂತ ಹನಿಗಳು ಹೊರಹೋಗುವಷ್ಟು ಮಾತ್ರ ಈಗ ಗಾಳಿ ಹಾಯುತ್ತದೆ.

ಮುಖ್ಯವಾದ ಬದಲಾವಣೆ ಮುಚ್ಚಿದ ನಂತರದ್ದು. ಸೋಸುಕವಿರುವ, ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ಸಣ್ಣ ಸೊಲೆನಾಯ್ಡ್ ವಾಲ್ವ್ ಒಂದನ್ನು ಸಣ್ಣ ರಂಧ್ರದ ತಟ್ಟೆಯೊಡನೆ ಕ್ಯಾಥೋಡಿಗೆ ಜೋಡಿಸಲಾಯಿತು. ಆನೋಡಿಗೆ ಜಲಜನಕ ಇನ್ನೂ ಸಿಗುತ್ತಿರುವಾಗಲೇ ಸ್ಟ್ಯಾಕಿಗೆ ಒಂದು ರೋಧಕದ ಹೊರೆ ಕೊಟ್ಟು ಒಳಗಿನ ಆಮ್ಲಜನಕವನ್ನು ಖರ್ಚು ಮಾಡಿಸುತ್ತೇವೆ. ಒತ್ತಡ ಹೊರಗಿನದಕ್ಕಿಂತ 10 ಕಿಲೋಪಾಸ್ಕಲ್ ಇಳಿದಾಗ ಸಣ್ಣ ವಾಲ್ವ್ ತೆರೆದು ಒಂದಿಷ್ಟು ಗಾಳಿ ಬಿಡುತ್ತದೆ. ಆ ಗಾಳಿಯ ಆಮ್ಲಜನಕವೂ ಖರ್ಚಾಗಿ ಸಾರಜನಕ ಉಳಿಯುತ್ತದೆ. ಸ್ಟ್ಯಾಕ್ ತಣಿಯುತ್ತ ಹೋದಂತೆ ಇದು ಮರುಕಳಿಸುತ್ತದೆ. ಪೂರ್ತಿ ತಣಿದಾಗ ಕ್ಯಾಥೋಡಿನಲ್ಲಿ ಹೊರಗಿನ ಒತ್ತಡಕ್ಕೆ ಸಮೀಪದ ಸಾರಜನಕ, ಆನೋಡಿನಲ್ಲಿ ಜಲಜನಕ. ನಿರ್ವಾತವಿಲ್ಲ, ಆದ್ದರಿಂದ ಹೊಡೆತವಿಲ್ಲ. ಆಮ್ಲಜನಕವಿಲ್ಲ, ಆದ್ದರಿಂದ ಇಂಗಾಲಕ್ಕೆ ಹಾನಿಯಿಲ್ಲ. ಪೊರೆಗೆ ಮುಳುವಾಗಿದ್ದ ಬಿಗಿ ವಾಲ್ವ್‌ಗಳೇ ಈಗ ಈ ಸ್ಥಿತಿಯನ್ನು ಉಳಿಸಿಕೊಡುತ್ತವೆ.

ಏಳುವಾಗ ಬೈಪಾಸ್ ಪೂರಾ ತೆರೆದು ಕಂಪ್ರೆಸರ್ ಕನಿಷ್ಠ ವೇಗದಲ್ಲಿ ತಿರುಗುತ್ತದೆ, ಸಣ್ಣ ವಾಲ್ವ್ ಕ್ಯಾಥೋಡನ್ನು ಹೊರಗಿನ ಒತ್ತಡಕ್ಕೆ ಸಮ ಮಾಡುತ್ತದೆ, ಆಮೇಲೆ ಹೊರ ವಾಲ್ವ್, ಕೊನೆಗೆ ಒಳ ವಾಲ್ವ್ ತೆರೆಯುತ್ತವೆ. ನಂತರ ಬೈಪಾಸ್ ಮುಚ್ಚುತ್ತ ಬಂದಂತೆ ಗಾಳಿಯೂ ಜಲಜನಕವೂ ಜೊತೆಜೊತೆಯಾಗಿ ಏರುತ್ತವೆ. ಬ್ಯಾಟರಿ ಈ ಅವಧಿಯ ಹೊರೆಯನ್ನು ಹೊರುವುದರಿಂದ ಅವಸರಕ್ಕೆ ಕಾರಣವಿಲ್ಲ. ಪೊರೆ ಸೋರುತ್ತಿದ್ದ ಕೋಶಗಳನ್ನು ಬದಲಾಯಿಸಿದ ನಂತರದ ಮಳೆಗಾಲದಲ್ಲಿ ಹೊರೆಯಿಲ್ಲದಾಗಿನ ವೋಲ್ಟೇಜ್ ಎಲ್ಲ ಕೋಶಗಳಲ್ಲೂ ಸ್ಥಿರವಾಗಿ ನಿಂತಿತು, ಪೈಪಿನ ಸದ್ದು ಮತ್ತೆ ಕೇಳಲಿಲ್ಲ. ಕರಗಿದ ಇಂಗಾಲ ಮಾತ್ರ ವಾಪಸು ಬರುವಂಥದ್ದಲ್ಲ. ಹಳೆಯ ಕೋಶಗಳು ಹೊರೆಯಲ್ಲಿ ತೋರುವ ದೌರ್ಬಲ್ಯ ಹಾಗೆಯೇ ಉಳಿದಿದೆ.

ಜಲಜನಕದ ಉಳಿಕೆ

ಬಿಗಿ ವಾಲ್ವಿನ ಮೂಲಕವೂ ಅಲ್ಪಸ್ವಲ್ಪ ಗಾಳಿ ಸೇರುತ್ತದೆ, ಹಾಗಾಗಿ ದಿನಗಟ್ಟಲೆ ನಿಂತಿರುವಾಗ ಆನೋಡಿಗೆ ಆಗಾಗ ಜಲಜನಕ ಕೊಡುತ್ತಿರಬೇಕು. ಪ್ರತಿ ಸಲ ಬೇಕಾಗುವುದು ಕೆಲವೇ ಲೀಟರ್. ಆದರೆ 47 ಲೀಟರಿನ ಒಂದು ಸಿಲಿಂಡರನ್ನು 150 ಬಾರ್ ಒತ್ತಡಕ್ಕೆ ತುಂಬಿದರೂ ಸಿಗುವುದು 6ರಿಂದ 7 ಘನ ಮೀಟರ್ ಅನಿಲ, ಅದರಿಂದ ಬರುವುದು ಸುಮಾರು 9 ಯೂನಿಟ್ ವಿದ್ಯುತ್. ಧರೆ ಕುಸಿದು ಘಟ್ಟದ ರಸ್ತೆ ಮುಚ್ಚಿದಾಗ ಸಿಲಿಂಡರ್ ಹೊತ್ತ ಲಾರಿ ಮೇಲೆ ಬರುವುದಿಲ್ಲ. ಆ ದಿನಗಳಲ್ಲಿ ಸ್ಟ್ಯಾಕನ್ನು ಕಾಯಲು ಜಲಜನಕ ವೆಚ್ಚ ಮಾಡಬೇಕೋ, ಕೇಂದ್ರವನ್ನು ನಡೆಸಲು ಉಳಿಸಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿಡುವುದು ಅಗತ್ಯವಾಗಿತ್ತು. ಒಂದು ರಾತ್ರಿ ಪೂರ್ತಿ ಕೇಂದ್ರ ನಡೆಯಲು ಬೇಕಾದಷ್ಟಕ್ಕೆ ದಾಸ್ತಾನು ಇಳಿದರೆ ಕಾಯುವ ಜಲಜನಕ ನಿಲ್ಲಬೇಕೆಂದು ಗೊತ್ತುಮಾಡಲಾಯಿತು. ಅನಂತರದ ಮೊದಲ ಆರಂಭದಲ್ಲಿ ಆನೋಡಿನಲ್ಲಿ ಗಾಳಿಯಿದೆ ಎಂದೇ ಕಂಟ್ರೋಲರ್ ಭಾವಿಸುತ್ತದೆ: ಮೊದಲು ರೋಧಕದ ಹೊರೆ ಜೋಡಿಸಿ, ಕ್ಯಾಥೋಡನ್ನು ಹೊರಗಿನ ಒತ್ತಡಕ್ಕೆ ಸಮ ಮಾಡಿ, ಪರ್ಜ್ ವಾಲ್ವನ್ನು ಪೂರಾ ತೆರೆದು, ಒತ್ತಡ ಏರದಂತೆ ಜಲಜನಕವನ್ನು ವೇಗವಾಗಿ ಹಾಯಿಸಿ ಗಾಳಿಯನ್ನು ಹೊರದೂಡುತ್ತದೆ, ಆ ಹೊತ್ತಿಡೀ ಬೈಪಾಸಿನ ಗಾಳಿ ಹೊಗೆಕೊಳವೆಯಲ್ಲಿ ಹರಿಯುತ್ತಿರಬೇಕು, ಅದರ ಹರಿವು ಸೆನ್ಸರಿನಲ್ಲಿ ಕಾಣದಿದ್ದರೆ ಜಲಜನಕದ ವಾಲ್ವ್ ತೆರೆಯುವುದೇ ಇಲ್ಲ.